ಮಂಡೆ ಬೆಚ್ಚ ಬೇರೆ, ಮಂಡೆ ಸಮ ಇಲ್ಲದ್ದು ಬೇರೆ

ಮೈಸೂರಿನಿಂದ ಮಂಗಳೂರಿಗೆ ಬಂದು, ದಕ್ಕೆ, ಅಂದರೆ ಮೀನುಗಾರಿಕೆ ಬಂದರಿನ ಹತ್ತಿರದ ಕಲಿಕಾ ಕೇಂದ್ರದಲ್ಲಿ ಮಕ್ಕಳಿಗೆ ಆಪ್ತಸಮಾಲೋಚನೆ ಮಾಡುತ್ತೀರಂತೆ. ಬನ್ನಿ. 'ಅಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ ಅಲ್ವಾ?' ಅಂತ ಕೇಳಿದ್ದೀರಿ. ಬರುತ್ತದೆ. ಆದರೆ ನಮ್ಮ ಮಕ್ಕಳು ಅಳುವುದು ಕನ್ನಡದಲ್ಲಿ ಅಲ್ಲ ಮಾರಾಯ್ರೆ.

ನಾನು ತಲಪಾಡಿಯವನು. ಟೋಲ್ ಗೇಟ್ ದಾಟಿ ಸ್ವಲ್ಪ ಹೋದರೆ ಕೇರಳ. ಇಂಥದೇ ಒಂದು ಕೇಂದ್ರದಲ್ಲಿ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತೇನೆ. ಒಂದೇ ಕೋಣೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಎಲ್ಲ ಉಂಟು. ಕನ್ನಡ ಅವರಿಗೆ ಶಾಲೆಯ ಭಾಷೆ. ಟೀಚರ್ ಕೇಳಿದ್ದಕ್ಕೆ ಸರಿ ಉತ್ತರ ಕೊಡುವ ಭಾಷೆ. 'ನಿನಗೆ ಏನಾದರೂ ತೊಂದರೆ ಇದೆಯಾ?' ಅಂತ ನೀವು ಕೇಳಿದರೆ 'ಇಲ್ಲ ಸರ್' ಅನ್ನುತ್ತಾರೆ. ಅದೇ ಹುಡುಗನನ್ನು ಆಯಾ ತುಳುವಿನಲ್ಲಿ 'ದಾದ ಆಂಡ್?' (ಏನಾಯಿತು?) ಅಂತ ಕೇಳಿದರೆ 'ಪೋಡಿಗೆ ಆಪುಂಡು' ಅಂತಾನೆ, ಅಂದರೆ ಹೆದರಿಕೆ ಆಗುತ್ತದೆ ಅಂತ. ಹಾಗಾಗಿ ಮೊದಲು ಆ ಆಯಾಳ ಸ್ನೇಹ ಮಾಡಿಕೊಳ್ಳಿ.

ತಮಾಷೆ ಅಂದರೆ, ಕೋಣೆಯಲ್ಲಿ ಹುಟ್ಟು ಕನ್ನಡ ಆಡುವುದು ಕೊಪ್ಪಳ, ವಿಜಯಪುರದ ಕಡೆಯಿಂದ ಕೂಲಿಗೆ ಬಂದವರ ಮಕ್ಕಳು. ಅವರ ಕನ್ನಡ ಕೇಳಿ ನಗುವುದೂ ಇಲ್ಲಿಯವರೇ. 'ಘಟ್ಟದವ', ಅಂದರೆ ಘಟ್ಟದ ಮೇಲಿನವ, ಅಂತ ಕರೆಸಿಕೊಂಡ ಹುಡುಗ ಒಂದು ತಿಂಗಳು ಬಾಯಿಯೇ ಬಿಡಲಿಲ್ಲ. ಅವನಿಗೆ ಮಾತು ಬರುವುದಿಲ್ಲ ಅಂತ ನಾವೇ ಅಂದುಕೊಂಡಿದ್ದೆವು!

ಇನ್ನು ಕೌನ್ಸೆಲಿಂಗ್ ಅನ್ನುವ ಶಬ್ದ. ಇಲ್ಲಿ ಎರಡು ಮಾತು ಉಂಟು. ಮಂಡೆ ಅಂದರೆ ತಲೆ. ಚಿಂತೆ, ಟೆನ್ಷನ್ ಆದರೆ 'ಮಂಡೆ ಬೆಚ್ಚ', ತಲೆ ಬಿಸಿ. ಇದನ್ನು ಬಸ್ ಕಂಡಕ್ಟರಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್ ತನಕ ಎಲ್ಲರೂ ನಾಚಿಕೆ ಇಲ್ಲದೆ ಹೇಳುತ್ತಾರೆ. 'ಮಂಡೆ ಸಮ ಇಲ್ಲ' ಅಂದರೆ ಹುಚ್ಚು. ನೀವು ಕೌನ್ಸೆಲಿಂಗ್ ಅಂದಾಗ ತಾಯಿಯ ಕಿವಿಗೆ ಬೀಳುವುದು ಈ ಎರಡನೆಯದು. ಮರುದಿನದಿಂದ ಮಗು ಕೇಂದ್ರಕ್ಕೆ ಬರುವುದಿಲ್ಲ. 'ಮಗುವಿಗೆ ಸ್ವಲ್ಪ ಮಂಡೆ ಬೆಚ್ಚ ಆಗಿದೆ, ಮಾತಾಡಿಸುವ' ಅನ್ನಿ, ಚಾ ಕೊಟ್ಟು ಕೂರಿಸುತ್ತಾರೆ.

ತಾಯಂದಿರನ್ನು ಆಫೀಸಿಗೆ ಕರೆಸಬೇಡಿ. ತುಂಬ ಮಂದಿ ಮನೆಯಲ್ಲೇ ಬೀಡಿ ಕಟ್ಟುವವರು. ಮಡಿಲಲ್ಲಿ ಮೊರ, ಕಣ್ಣು ಎಲೆಯ ಮೇಲೆ, ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಪಕ್ಕದಲ್ಲಿ ಕೂತರೆ ಸಾಕು. ನಿಮ್ಮ ಮುಖ ನೋಡಬೇಕಾಗಿಲ್ಲ ನೋಡಿ, ಅದಕ್ಕೇ ಮಾತು ಬರುತ್ತದೆ. ಗಂಡನ ಕುಡಿತ, ಸಂಘದ ಸಾಲದ ಕಂತು, ಎಲ್ಲವೂ. ಮಗುವಿಗೆ ನೂಲು ಕಟ್ಟಿಸಿದ್ದೇವೆ, ದೈವಕ್ಕೆ ಹೇಳಿಕೊಂಡಿದ್ದೇವೆ, ಮದರಸದ ಉಸ್ತಾದರು ನೀರು ಮಂತ್ರಿಸಿ ಕೊಟ್ಟಿದ್ದಾರೆ ಅಂದರೆ ವಾದಕ್ಕೆ ಇಳಿಯಬೇಡಿ. ನೂಲು ಕೈಯಲ್ಲಿರಲಿ, ಅಗತ್ಯ ಬಿದ್ದರೆ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಹೋಗಲಿ. ಎರಡಕ್ಕೂ ಜಗಳ ಇಲ್ಲ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್, ಕನ್ನಡದಲ್ಲೂ ಮಾತಾಡುತ್ತಾರೆ. ಅದನ್ನು ತಾಯಿಯ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ.

ಮೀನುಗಾರರ ಮನೆಗೆ ಬೇರೆ ಕ್ಯಾಲೆಂಡರ್. ಟ್ರಾಲ್ ಬೋಟಿನವರು ಹೋದರೆ ವಾರಗಟ್ಟಲೆ ಕಡಲಲ್ಲೇ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಅಪ್ಪ ಮನೆಯಲ್ಲಿ, ಸಂಪಾದನೆ ಇಲ್ಲ, ಹೊರಗೆ ಜಡಿಮಳೆ. ಕೇಂದ್ರದಲ್ಲಿ ಹೊಡೆದಾಟ ಜಾಸ್ತಿಯಾಗುವುದು ಆಗಲೇ. ಹುಡುಗನಿಗೆ ಶಿಸ್ತು ಇಲ್ಲ ಅಂತ ಬರೆದುಕೊಳ್ಳುವ ಮೊದಲು ತಿಂಗಳು ಯಾವುದು ನೋಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ 7 ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣದ ಹತ್ತಿರದ ಕಡಲಲ್ಲಿ. ಆ ಐದು ತಿಂಗಳು ನಮ್ಮ ಕೇಂದ್ರದಲ್ಲೂ ಮಕ್ಕಳು ಬೋಟ್ ಚಿತ್ರ ಬಿಡಿಸಿದ್ದೇ ಬಿಡಿಸಿದ್ದು. ಯಾರೂ ಹೇಳಿಕೊಟ್ಟಿರಲಿಲ್ಲ.

ಗಡಿ ವಿಷಯಕ್ಕೆ ಬರುತ್ತೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಸಂಬಂಧಗಳು ಹೋಗಲಿಲ್ಲ. ಅಜ್ಜಿಮನೆ ಆಚೆ ಉಪ್ಪಳ, ಶಾಲೆ ಈಚೆ ಉಳ್ಳಾಲ, ಹೀಗೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಒಬ್ಬಳು ಪುಟ್ಟ ಹುಡುಗಿ ಆಚೆ ಅಜ್ಜಿಮನೆಯಲ್ಲಿ ಉಳಿದಳು, ತಾಯಿ ಈಚೆ. ಆಮೇಲೆ ಎಷ್ಟೋ ತಿಂಗಳು ತಾಯಿ ಚಪ್ಪಲಿ ಹಾಕಿದರೆ ಸಾಕು, ಸೆರಗು ಹಿಡಿದು ನಿಲ್ಲುತ್ತಿದ್ದಳು. ಅವಳಿಗೆ ಯಾವ ದೊಡ್ಡ ಚಿಕಿತ್ಸೆಯೂ ಮಾಡಲಿಲ್ಲ. ತಾಯಿ ಹೊರಡುವಾಗ ವಾಪಸ್ ಬರುವ ಬಸ್ಸಿನ ಹೊತ್ತು ಹೇಳಿ ಹೋಗುತ್ತಿದ್ದರು. ಹೇಳಿದ ಹೊತ್ತಿಗೇ ಬರುತ್ತಿದ್ದರು.

ಕಾಗದಪತ್ರಕ್ಕೆ ಮಾತ್ರ ಗಡಿ ಗಟ್ಟಿ. ಮಕ್ಕಳ ಕಲ್ಯಾಣ ಸಮಿತಿ ಜಿಲ್ಲೆಗೊಂದು. ಮಗುವಿನ ಮನೆ ಗಡಿಯಾಚೆ ಮಂಜೇಶ್ವರದಲ್ಲಿದ್ದರೆ ಕಾಸರಗೋಡಿನ ಸಮಿತಿಯೂ ಬರುತ್ತದೆ, ಕಡತ ಮಲಯಾಳಂಗೆ ತಿರುಗುತ್ತದೆ. ತುರ್ತಿಗೆ ಮಕ್ಕಳ ಸಹಾಯವಾಣಿ 1098 ಎರಡೂ ಕಡೆ ನಡೆಯುತ್ತದೆ.

ಒಂದು ತಪ್ಪು ನಾನೇ ಮಾಡಿದ್ದೇನೆ, ಅದಕ್ಕೆ ಹೇಳುತ್ತೇನೆ. 'ಯಾರಿಗೂ ಹೇಳುವುದಿಲ್ಲ' ಅಂತ ಮಗುವಿಗೆ ಮಾತು ಕೊಡಬೇಡಿ. ಲೈಂಗಿಕ ಕಿರುಕುಳ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ನಾನು ಮಾತು ಕೊಟ್ಟು, ಮುರಿದು, ಆ ಮಗುವಿನ ಮುಖ ನೋಡಿದ್ದೇನೆ. ಈಗ 'ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳುತ್ತೇನೆ' ಅಂತೇನೆ. ಮತ್ತೆ, ಕಥೆಯನ್ನು ನಾಲ್ಕು ಜನರ ಮುಂದೆ ನಾಲ್ಕು ಸಲ ಹೇಳಿಸಬೇಡಿ.

ಸಾಧ್ಯವಾದರೆ ಮೇ ತಿಂಗಳಲ್ಲೇ ಬನ್ನಿ. ಜೂನ್ ಬಂದರೆ ಶಾಲೆ, ಮಳೆ, ಬೋಟ್ ರಜೆ ಮೂರೂ ಒಟ್ಟಿಗೆ ಶುರು. ಒಳ್ಳೆ ಕೊಡೆ ತನ್ನಿ, ಮೈಸೂರಿನ ಮಡಚುವ ಕೊಡೆ ಇಲ್ಲಿಯ ಗಾಳಿಗೆ ನಿಲ್ಲುವುದಿಲ್ಲ.