‘ತಿದ್ದು’ ಎಲ್ಲಿ ಹೋಯಿತು?

ನಮಸ್ಕಾರ. ತಿದ್ದಲು ಬರುವಂಥದ್ದು ಎನ್ನಲು ಇಂಗ್ಲಿಷಿನಲ್ಲಿರುವ ‘ಕಾರಿಜಿಬಲ್’ (corrigible) ಪದದ ಅರ್ಥ ಮತ್ತು ಹುಟ್ಟಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಬರಹ ಸರಾಗವಾಗಿದೆ. ಆದರೆ ಎರಡನೇ ಪುಟ ಓದುವಾಗ ನನಗೆ ಸಿಟ್ಟು ಬಂತು. ಅದನ್ನೇ ಹೇಳಿಬಿಡುತ್ತೇನೆ.

‘ಇದಕ್ಕೆ ಕನ್ನಡದಲ್ಲಿ ಪದವಿಲ್ಲ, ಪರಿಷ್ಕರಣಾರ್ಹತೆ ಎನ್ನೋಣ’ ಎಂದಿದ್ದೀರಿ. ಅಲ್ಲ, ‘ತಿದ್ದು’ ಎಲ್ಲಿ ಹೋಯಿತು? ಹಳಗನ್ನಡದ ‘ತಿರ್ದು’ ಅದು. ತೆಲುಗಿನಲ್ಲಿ ‘ದಿದ್ದು’, ತಮಿಳಿನಲ್ಲಿ ‘ತಿರುತ್ತು’. ಕರಡು ತಿದ್ದುತ್ತೇವೆ, ಹುಬ್ಬು ತಿದ್ದುತ್ತೇವೆ. ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸುವುದೂ ತಿದ್ದುವುದೇ. ಅಲ್ಲಿ ಇನ್ನೂ ತಪ್ಪೇ ಆಗಿಲ್ಲ, ನೋಡಿ! ಕರಡಾದರೆ ‘ತಿದ್ದಬಹುದಾದ’ ಅನ್ನಿ, ಮನುಷ್ಯರಾದರೆ ‘ತಿದ್ದಿಕೊಳ್ಳುವ’ ಅನ್ನಿ. ಆ ಸಣ್ಣ ‘ಕೊಳ್ಳು’ ಕಾರಿಜಿಬಲ್‌ನಲ್ಲೂ ಇಲ್ಲ.

ಮುಂದಿನ ಸಾಲು: ‘ಕಾರಿಜಿಬಲ್ ಎಂದರೆ ವಿಧೇಯ.’ ಖಂಡಿತ ಅಲ್ಲ. ಅದರೊಳಗಿರುವ ಲ್ಯಾಟಿನ್ ‘ರೆಗೆರೆ’ಗೆ ನೆಟ್ಟಗೆ ಮಾಡು, ದಾರಿಗೆ ತರು ಎಂಬ ಅರ್ಥ. ಸಂಸ್ಕೃತದ ‘ಋಜು’ ಅದರ ದೂರದ ನೆಂಟ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವನು ವಿಧೇಯ. ನಾಳೆ ಅವನು ಅದೇ ತಪ್ಪನ್ನು ಅಷ್ಟೇ ವಿನಯದಿಂದ ಮಾಡಬಹುದು.

ಅದರ ಕೆಳಗೆ, ಇಂಗ್ಲಿಷಿನಲ್ಲಿ ಮೊದಲು ಕಾರಿಜಿಬಲ್ ಬಂತು, ಆಮೇಲೆ ‘ಇನ್’ ಸೇರಿತು ಎಂದಿದ್ದೀರಿ. ಉಲ್ಟಾ. ಇನ್‌ಕಾರಿಜಿಬಲ್ ಸಿಗುವುದು 14ನೇ ಶತಮಾನದಲ್ಲಿ, ಕಾರಿಜಿಬಲ್ 15ರಲ್ಲಿ. ತಿದ್ದಲಾಗದವರೇ ಮೊದಲು ಬಂದರು!

ನಾನೂ ಅಂಥ ವಿಧೇಯನೇ ಆಗಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ನನ್ನ ವರದಿಯ ‘ಮಾಡಲ್ಪಟ್ಟಿತು’ ಕೆಳಗೆ ಕೆಂಪು ಗೆರೆ ಎಳೆದರು. ‘ಸರಿ ಸಾರ್’ ಅಂದು ‘ಮಾಡಲಾಯಿತು’ ಅಂತ ಬರೆದೆ. ಮತ್ತೆ ಗೆರೆ. ‘ಮಾಡಲಾಗಿತ್ತು’ ಅಂತ ಬದಲಿಸಿದೆ. ಮತ್ತೂ ಗೆರೆ. ಏನು ಬರೆಯಬೇಕು ಅಂತ ಮಾತ್ರ ಹೇಳಲೊಲ್ಲರು. ಸುಮ್ನೆ ಸತಾಯಿಸ್ತಿದ್ದಾರೆ ಅಂತ ಒಳಗೊಳಗೇ ಬೈದುಕೊಂಡೆ. ಕೊನೆಗೆ, ‘ಮಾಡಿದ್ದು ಯಾರಪ್ಪಾ?’ ಅಂದರು. ಯಾರು ಅಂತ ನನಗೇ ಗೊತ್ತಿರಲಿಲ್ಲ. ವಿಚಾರಿಸಿಯೇ ಇರಲಿಲ್ಲ. ಅವತ್ತು ಮಧ್ಯಾಹ್ನ ಎದ್ದು ಹೋಗಿ ಕೇಳಿಕೊಂಡು ಬಂದು ಬರೆದೆ.

ಯಂತ್ರಗಳನ್ನು ತಿದ್ದುವ ಬಗ್ಗೆ ನೀವು ಬರೆದ ಕೊನೆಯ ಭಾಗ ಸದ್ಯಕ್ಕೆ ಹಾಗೇ ಇರಲಿ. ಎರಡನೇ ಪುಟ ವಾಪಸ್ ಕಳಿಸಿದ್ದೇನೆ. ಇನ್ನೂ ನಾಲ್ಕು ಕಡೆ ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ಏನೂ ಬರೆದಿಲ್ಲ.