ಅರೆಹೊಟ್ಟೆ ಮರಿಗೆ ಲಸಿಕೆ ಹತ್ತುತ್ತದೆಯೇ?

ಪ್ರಶ್ನೆ: ಅರವತ್ತು ಗಿರಿರಾಜ ಕೋಳಿಮರಿ ಸಾಕಿದ್ದೇವೆ. ಎರಡನೇ ವಾರ ಫೀಡ್ ಮುಗಿದು, ಹನ್ನೆರಡು ದಿನ ಬರೀ ರಾಗಿ, ಅಕ್ಕಿನುಚ್ಚು ಹಾಕಿದೆವು. ಈಗ ಐದು ವಾರ. ಕೆಲವು ದಪ್ಪಗಿವೆ, ಉಳಿದವು ಮುದುಡಿ ಕೂರುತ್ತವೆ. 7ನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ, 14ನೇ ದಿನ ಗುಂಬೊರೊ ರೋಗಕ್ಕೆ ಲಸಿಕೆ ಆಗಿದೆ. ಮತ್ತೆ ಫೀಡ್ ಕೊಟ್ಟರೆ ಸರಿಹೋಗುತ್ತವೆಯೇ?
— ಓದುಗರು, ಗೌರಿಬಿದನೂರು

ಉತ್ತರ: ತೂಕ ಬಹುಮಟ್ಟಿಗೆ ಬರುತ್ತದೆ. ಆದರೆ ತಕ್ಕಡಿ ನೋಡಿ ಸಮಾಧಾನಪಡಬೇಡಿ, ರೋಗ ತಡೆಯುವ ಶಕ್ತಿಯ ಲೆಕ್ಕವೇ ಬೇರೆ.

ತಾಯಿಕೋಳಿ ಮೊಟ್ಟೆಯ ಹಳದಿಯಲ್ಲಿ ಕೊಟ್ಟ ಪ್ರತಿಕಾಯಗಳು (ರೋಗಾಣು ತಡೆಯುವ ಅಂಶಗಳು) ಎರಡು-ಮೂರು ವಾರದಲ್ಲಿ ಕರಗುತ್ತವೆ. ಅಷ್ಟರೊಳಗೆ ಮರಿ ತನ್ನದನ್ನು ಕಟ್ಟಿಕೊಳ್ಳಬೇಕು. ಆ ಕೆಲಸಕ್ಕೆ ಬೇಕಾದ ಕಣಗಳು ತಯಾರಾಗುವುದು ಗುದದ್ವಾರದ ಮೇಲಿರುವ ಬರ್ಸಾ ಮತ್ತು ಕುತ್ತಿಗೆಯ ಥೈಮಸ್ ಗ್ರಂಥಿಗಳಲ್ಲಿ. ಹೊಟ್ಟೆಗೆ ಸಾಲದಾಗ ಮೊದಲು ಕುಗ್ಗುವ ಅಂಗಗಳಲ್ಲಿ ಇವೂ ಸೇರಿವೆ. ನಿಮ್ಮ ಹನ್ನೆರಡು ದಿನ ಬಿದ್ದದ್ದು ಸರಿಯಾಗಿ ಇದೇ ಹೊತ್ತಿಗೆ. ರಾಗಿ ಹೊಟ್ಟೆ ತುಂಬಿಸುತ್ತದೆ, ಅದರಲ್ಲಿ ಪ್ರೋಟೀನ್ ಮಾತ್ರ ಶೇ. 7ರ ಆಸುಪಾಸು, ಮರಿಗೆ ಬೇಕಿರುವುದು ಶೇ. 20. ಪ್ರತಿಕಾಯವೂ ಪ್ರೋಟೀನೇ ತಾನೆ! ಹಾಗಾಗಿ ಲಸಿಕೆ ಹಾಕಿದ್ದು ನಿಜವಾದರೂ ಪೂರ್ತಿ ಹತ್ತಿರಲಾರದು.

ರೆಕ್ಕೆಯನ್ನು ಬಿಡಿಸಿ, ಒಂದು ಗರಿಯನ್ನು ಬೆಳಕಿಗೆ ಹಿಡಿದು ನೋಡಿ. ಅಡ್ಡಡ್ಡ ತೆಳು ಗೆರೆ ಕಂಡರೆ, ಆ ಗರಿ ಬೆಳೆಯುವಾಗ ಮರಿ ಕಷ್ಟಪಟ್ಟಿದೆ ಎಂದರ್ಥ.

ಮೊದಲು ಸಣ್ಣ ಮರಿಗಳನ್ನು ಬೇರೆ ಮಾಡಿ. ದೊಡ್ಡವು ತಳ್ಳುವುದರಿಂದ ಮೇವು ಇದ್ದರೂ ಅವಕ್ಕೆ ಸಿಗುವುದಿಲ್ಲ. ಒಂದೊಂದು ಮರಿಗೆ ಮೇವಿನ ತೊಟ್ಟಿಯ 5 ಸೆಂ.ಮೀ. ಅಂಚು ಬೇಕು. ಸ್ಟಾರ್ಟರ್ ಫೀಡ್ (ಎಳೆ ಮರಿಗಳ ಮೇವು) ಸಿಗದಿದ್ದರೆ 10 ಕೆ.ಜಿ.ಗೆ ಮುಸುಕಿನಜೋಳದ ನುಚ್ಚು 5.5, ಸೋಯಾ ಹಿಂಡಿ 3, ತೌಡು 1.2 ಕೆ.ಜಿ., ಖನಿಜ ಮಿಶ್ರಣ 270 ಗ್ರಾಂ, ಉಪ್ಪು 30 ಗ್ರಾಂ ಬೆರೆಸಿ. ವಿಟಮಿನ್ ಪುಡಿ ಪೊಟ್ಟಣದ ಅಳತೆಯಂತೆ. ಹಳೇ ಮೇವಿನಿಂದ ಹೊಸದಕ್ಕೆ ಮೂರ್ನಾಲ್ಕು ದಿನದಲ್ಲಿ ಬದಲಿಸಿ. ಸೋಯಾ ದುಬಾರಿಯೆಂದು ಬೂಷ್ಟು ಹಿಡಿದ ಕಡ್ಲೆಕಾಯಿ ಹಿಂಡಿ ಹಾಕಿದಿರೋ, ಅದರ ಅಫ್ಲಾಟಾಕ್ಸಿನ್ ವಿಷ ಉಳಿದ ಶಕ್ತಿಯನ್ನೂ ತಿಂದುಹಾಕುತ್ತದೆ.

ಒಂದು ವಾರ ಚೆನ್ನಾಗಿ ತಿಂದು ಚುರುಕಾದ ಮೇಲೆ ಲಸೋಟ ಮರುಡೋಸ್ ಕೊಡಿ. ಬೆಳಿಗ್ಗೆ ಎರಡು ಗಂಟೆ ನೀರು ನಿಲ್ಲಿಸಿ, ಕ್ಲೋರಿನ್ ಇಲ್ಲದ ತಣ್ಣೀರಿಗೆ ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಕರಗಿಸಿ, ಅದರಲ್ಲಿ ಲಸಿಕೆ ಬೆರೆಸಿ. ಒಂದೆರಡು ಗಂಟೆಯಲ್ಲಿ ಕುಡಿದು ಮುಗಿಸಬೇಕು. ಎಂಟನೇ ವಾರದ ಕೊಕ್ಕರೆ ರೋಗದ ಆರ್‌ಟುಬಿ ಚುಚ್ಚುಮದ್ದನ್ನು ಬಡಕಲು ಮರಿಗೆ ಹಾಕಬೇಡಿ. ಅದು ಜೋರಿನ ಲಸಿಕೆ, ಕಾಲು-ಕುತ್ತಿಗೆ ಸೆಳೆದುಕೊಂಡಾವು. ಹಿಕ್ಕೆಯಲ್ಲಿ ರಕ್ತ ಕಂಡರೆ ಲಸಿಕೆ ಮಾತು ಬಿಟ್ಟು ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಶಿರಾ ಬಳಿಯ ಕಗ್ಗಲಡುವಿನ ಹುಣಸೆಮರಗಳ ಕೆಳಗೆ ಬಣ್ಣದ ಕೊಕ್ಕರೆಯ ಸಣಕಲು ಮರಿಗಳು ಬಿದ್ದಿರುತ್ತವಲ್ಲ, ಯಾಕೆ? ಅನ್ನ ತಿನ್ನಿಸಬಹುದೇ?
— ಓದುಗರು, ಶಿರಾ

ಉತ್ತರ: ಗಾಳಿ, ಜಗಳಗಳಿಂದಲೂ ಬೀಳುತ್ತವೆ. ಸಣಕಲಾಗಿದ್ದರೆ ಕಾರಣ ಹೆಚ್ಚಾಗಿ ಕೆರೆ. ಗೂಡಿನ ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ. ನೀರಿಳಿದು ಮೀನು ಕಡಿಮೆಯಾದರೆ ಮೊದಲು ಹುಟ್ಟಿದ್ದು ಕಸಿದು ತಿನ್ನುತ್ತದೆ, ಕಿರಿಯದು ಸೊರಗುತ್ತದೆ. ಅನ್ನ, ಮುದ್ದೆ ಬೇಡ, ಅದು ಮೀನು ತಿನ್ನುವ ಹಕ್ಕಿ. ಬಾಯಿಗೆ ನೀರು ಹುಯ್ದರೆ ಶ್ವಾಸಕೋಶಕ್ಕೆ ಹೋದೀತು. ನೆರಳಿನಲ್ಲಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನಾಯಿ ಬಾರದಂತೆ ನೋಡಿಕೊಂಡು, ಅರಣ್ಯ ಇಲಾಖೆಯವರನ್ನು ಕರೆಸಿ.