ದೇವಿಮನೆ ಘಾಟಿ ಬೇರೆ, ರೇಸ್ ಟ್ರ್ಯಾಕ್ ಬೇರೆ

ಪ್ರಶ್ನೆ: ಅಣ್ಣಾ, ನಾನು ಶಿರಸಿಯವನು. ವಯಸ್ಸು 24. ಆರ್15 ಬೈಕ್ ಇದೆ, ಮೂರು ವರ್ಷದಿಂದ ಓಡಿಸುತ್ತಿದ್ದೇನೆ. ವಾರಕ್ಕೊಮ್ಮೆಯಾದರೂ ಕುಮಟಾಕ್ಕೆ ಹೋಗಿ ಬರುತ್ತೇನೆ, ದೇವಿಮನೆ ಘಾಟಿಯ ಒಂದೊಂದು ತಿರುವೂ ಗೊತ್ತು. ಜನವರಿಯಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲಿ ಟ್ರ್ಯಾಕ್ ಡೇ (ರೇಸ್ ಟ್ರ್ಯಾಕ್ ಮೇಲೆ ನಮ್ಮ ಬೈಕ್ ಓಡಿಸಲು ಬಿಡುವ ದಿನ) ಇದೆಯಂತೆ, ನಾಲ್ಕು ಜನ ಗೆಳೆಯರು ಸೇರಿ ಹೋಗೋಣ ಅಂತಿದ್ದೇವೆ. ಎಲ್ಲರಿಗೂ ಮೊದಲ ಸಲ. ಏನೇನು ತಯಾರಿ ಬೇಕು? ಅಲ್ಲಿಯವರೆಗೆ ಘಾಟಿಯಲ್ಲಿ ಪ್ರಾಕ್ಟೀಸ್ ಮಾಡಿದರೆ ಸಾಕಾ? ಬೈಕ್ ಓಡಿಸಿಕೊಂಡೇ ಹೋಗಬಹುದಾ?

ಉತ್ತರ: ತಮ್ಮಾ, ನಿನ್ನ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಓದಿ ನನಗೆ ಹೆದರಿಕೆಯಾಯಿತು. ಘಾಟಿಯಲ್ಲಿ ಪ್ರಾಕ್ಟೀಸ್ ಬೇಡವೇ ಬೇಡ.

ಟ್ರ್ಯಾಕ್‌ನಲ್ಲಿ ತಿರುವನ್ನು ಹೊರ ಅಂಚಿನಿಂದ ಹಿಡಿಯುತ್ತಾರೆ, ನಡುವೆ ಒಳ ಅಂಚನ್ನು ಸವರಿಕೊಂಡು ಹೋಗುತ್ತಾರೆ (ಆ ಜಾಗಕ್ಕೆ ಏಪೆಕ್ಸ್ ಅಂತಾರೆ), ಮತ್ತೆ ಹೊರ ಅಂಚಿಗೆ ಬರುತ್ತಾರೆ. ಅಲ್ಲಿ ಅಗಲ ಪೂರ್ತಿ ನಮ್ಮದು, ಎದುರಿಂದ ಯಾರೂ ಬರುವುದಿಲ್ಲ. ಇದನ್ನೇ ದೇವಿಮನೆಯಲ್ಲಿ ಮಾಡಿದರೆ ಏನಾಗುತ್ತದೆ ನೋಡು. ಬಲಕ್ಕೆ ತಿರುಗುವ ಕಡೆ ನಿನ್ನ ಚಕ್ರ ನಡುಗೆರೆಯ ಈಚೆಗೇ ಇರಬಹುದು, ಆದರೆ ಬೈಕ್ ವಾಲಿದಾಗ ತಲೆ, ಭುಜ ಎರಡೂ ಗೆರೆ ದಾಟಿ ಆಚೆ ಇರುತ್ತವೆ. ಕುಮಟಾ ಕಡೆಯಿಂದ ಹತ್ತುವ ಬಸ್ಸಿನ ಡ್ರೈವರ್‌ಗೆ ನೀನು ಕಾಣುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಘಾಟಿ ನಿನಗೆ ಕಲಿಸಿರುವ ಪಾಠವೇ ಬೇರೆ. ಎಡಕ್ಕೆ ಇರು, ತಿರುವಿನ ಆಚೆ ಸೆಗಣಿ ಇರಬಹುದು, ಜಲ್ಲಿ ಇರಬಹುದು, ಮಂಗಗಳು ಕೂತಿರಬಹುದು, ಕೆಟ್ಟು ನಿಂತ ಲಾರಿ ಇರಬಹುದು. ಬಹಳ ಒಳ್ಳೆಯ ಪಾಠ, ರಸ್ತೆಯಲ್ಲಿ ಇರುವವರೆಗೂ ಅದನ್ನು ಬಿಡಬೇಡ. ಟ್ರ್ಯಾಕ್‌ಗೆ ಬೇಕಾಗುವುದು ಎರಡು ಸಂಗತಿ: ಕಣ್ಣು ಮತ್ತು ಮುಂದಿನ ಬ್ರೇಕ್. ಮೊದಲ ದಿನ ಇವೆರಡನ್ನು ಕಲಿತು ಬಂದರೆ ಹೋಗಿದ್ದು ಸಾರ್ಥಕ. ಲ್ಯಾಪ್ ಎಷ್ಟು ಸೆಕೆಂಡು ಅನ್ನುವುದನ್ನು ನೋಡಲೇಬೇಡ, ಗೆಳೆಯರ ನಡುವೆ ಆ ಮಾತೇ ಬೇಡ ಅಂತ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಮುಂದಿನ ಬ್ರೇಕ್ ವಿಷಯ ಹೇಳುತ್ತೇನೆ. ನಮ್ಮ ಕಡೆ ಗಾಡಿ ಕಲಿಯುವಾಗ ದೊಡ್ಡವರು ಹೇಳುವುದೇನು? ಮುಂದಿನ ಬ್ರೇಕ್ ಹಿಡಿಯಬೇಡ, ಬೀಳ್ತೀಯ ಅಂತ, ಅಲ್ವಾ? ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ರಸ್ತೆ ತುಂಬ ಕೆಂಪು ಮಣ್ಣು, ಹಾಗಾಗಿ ಆ ಮಾತು ಹುಟ್ಟಿದೆ. ನಮ್ಮ ಕಾಲು ಅದನ್ನೇ ಕಲಿತುಬಿಟ್ಟಿದೆ. ಆದರೆ ಒಣ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಬೈಕಿನ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರಕ್ಕೆ ಎಷ್ಟು ಬ್ರೇಕ್ ಒತ್ತಿದರೂ ಅದು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನದ್ದೇ. ಬೀಳುವುದು ಮುಂದಿನ ಬ್ರೇಕ್ ಹಿಡಿದದ್ದಕ್ಕಲ್ಲ, ಫಕ್ಕನೆ ಎಳೆದದ್ದಕ್ಕೆ. ಲಿಂಬೆಹಣ್ಣು ಹಿಂಡುವಾಗ ಮೊದಲು ಮೆತ್ತಗೆ ಹಿಡಿದು ಆಮೇಲೆ ಜೋರು ಕೊಡುತ್ತೀಯಲ್ಲ, ಅದೇ ರೀತಿ. ಬಿಡುವಾಗಲೂ ನಿಧಾನ.

ಇದನ್ನು ಶಿರಸಿಯಲ್ಲೇ ಕಲಿಯಬಹುದು. ಡಾಂಬರು ಇಲ್ಲವೇ ಕಾಂಕ್ರೀಟ್ ಹಾಕಿದ, ವಾಹನ ಬಾರದ ಒಂದು ಜಾಗ ಹುಡುಕು. ಜಾಗದವರನ್ನು ಕೇಳಿಯೇ ಮಾಡು. ಮಣ್ಣಿನ ಮೈದಾನ ಬೇಡ. ಸುಣ್ಣದಲ್ಲಿ ಒಂದು ಗೆರೆ ಎಳೆ, ಮೂವತ್ತರ ಸ್ಪೀಡಲ್ಲಿ ಬಂದು ಗೆರೆ ಮುಟ್ಟಿದ ಕೂಡಲೇ ಎರಡೇ ಬೆರಳಲ್ಲಿ ಬ್ರೇಕ್ ಹಿಡಿ, ಎಲ್ಲಿ ನಿಂತೆ ನೋಡು. ಕೈಗೆ ಹಿಡಿತ ಬಂದ ಮೇಲೆ ನಲವತ್ತು. ಹ್ಯಾಂಡಲ್ ಮೇಲೆ ಭಾರ ಬಿಡಬೇಡ, ಮೊಣಕಾಲಿನಲ್ಲಿ ಟ್ಯಾಂಕ್ ಒತ್ತಿ ಹಿಡಿ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆ ಅಂತ ಕಡೆಗಣಿಸಬೇಡ. ದಿನಾ ಹದಿನೈದು ನಿಮಿಷದಂತೆ ಎರಡು ವಾರ ಮಾಡಿದರೆ ಘಾಟಿಯಲ್ಲಿ ನೂರು ಸಲ ಹತ್ತಿಳಿದದ್ದಕ್ಕಿಂತ ಜಾಸ್ತಿ ಕಲಿಯುತ್ತೀಯ.

ಇನ್ನು ಕಣ್ಣು. ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ದಾಟುವುದನ್ನು ಗಮನಿಸಿದ್ದೀಯಾ? ಕಾಲು ಒಂದು ಮರದಲ್ಲಿ ಇರುವಾಗಲೇ ಅವನ ಕಣ್ಣು ಮುಂದಿನ ಮರಕ್ಕೆ ಹೋಗಿರುತ್ತದೆ. ಕೆಳಗೆ ನೋಡುವುದೇ ಇಲ್ಲ. ಟ್ರ್ಯಾಕ್‌ನಲ್ಲಿ ಮಾಡಬೇಕಾದ್ದು ಅಷ್ಟೇ. ಬ್ರೇಕ್ ಹಿಡಿಯುವಾಗ ಬೈಕ್ ತಿರುಗಿಸುವ ಜಾಗ ನೋಡಬೇಕು, ತಿರುಗಿಸುವಾಗ ಏಪೆಕ್ಸ್ ನೋಡಬೇಕು, ಏಪೆಕ್ಸ್ ಮುಟ್ಟುವ ಮೊದಲೇ ಕಣ್ಣು ಹೊರದಾರಿಗೆ ಹೋಗಿರಬೇಕು. ಬೈಕ್ ಕಣ್ಣು ಹೋದ ಕಡೆಗೇ ಹೋಗುತ್ತದೆ. ಹೆದರಿ ಅಂಚಿನ ಹುಲ್ಲನ್ನೇ ನೋಡಿದರೆ ಹುಲ್ಲಿಗೇ ಹೋಗುತ್ತೀಯ.

ನನಗೇ ಆದದ್ದು ಇದು. ನನ್ನ ಮೊದಲ ದಿನ, ಎರಡನೇ ಸೆಷನ್. ಮುಂದೆ ಒಬ್ಬರು ಚೆನ್ನಾಗಿ ಓಡಿಸುತ್ತಿದ್ದರು, ಅವರ ಹಿಂದೆಯೇ ಹೋದರೆ ಬೇಗ ಕಲಿಯಬಹುದು ಅಂದುಕೊಂಡೆ. ಅವರ ಹಿಂದಿನ ಚಕ್ರವನ್ನೇ ನೋಡುತ್ತಾ ಹೋದೆ, ಅವರು ಬ್ರೇಕ್ ಹಿಡಿದಲ್ಲೇ ನಾನೂ ಹಿಡಿದೆ. ಅವರ ಬ್ರೇಕಿನ ಹಿಡಿತ ನನಗಿರಲಿಲ್ಲ. ತಿರುವು ತಪ್ಪಿ ನೇರ ಮಣ್ಣಿಗೆ ಇಳಿದೆ. ಬೀಳಲಿಲ್ಲ, ಆದರೆ ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಸಂಜೆ ಕಲಿಸುವವರು ಕೇಳಿದ್ದು ಒಂದೇ ಪ್ರಶ್ನೆ, ಆ ತಿರುವಿನಲ್ಲಿ ಏನೇನು ಇತ್ತು ಹೇಳಿ ಅಂತ. ನನಗೆ ಒಂದು ಚಕ್ರ ಬಿಟ್ಟು ಬೇರೇನೂ ನೆನಪಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಯಾರ ಹಿಂದೆಯೂ ಅಂಟಿಕೊಂಡು ಹೋಗಬೇಡ. ಗೆಳೆಯನ ಹಿಂದೆಯಂತೂ ಬೇಡ.

ನೀನು ಹೋಗುವ ಟ್ರ್ಯಾಕ್ ಶ್ರೀಪೆರಂಬದೂರಿನ ಹತ್ತಿರ, ಇರುಂಗಾಟ್ಟುಕೋಟೈನಲ್ಲಿದೆ. 1990ರಲ್ಲಿ ಶುರುವಾದದ್ದು, ಒಂದು ಸುತ್ತಿಗೆ 3.717 ಕಿಲೋಮೀಟರ್, 12 ತಿರುವು. ಮೊಬೈಲಿನಲ್ಲಿ ಅದರ ನಕ್ಷೆ ನೋಡಿ, ಕಾಗದದ ಮೇಲೆ ನೋಡದೆ ಬರೆಯಲು ಬರುವವರೆಗೆ ಬರೆ. ಸಣ್ಣ ಬೈಕಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಕೂಡ ಒಳ್ಳೆಯದು, ಸುಮಾರು 2.1 ಕಿಲೋಮೀಟರಿನ ಚಿಕ್ಕ ಟ್ರ್ಯಾಕ್. ಜನವರಿ ಆರಿಸಿಕೊಂಡದ್ದು ಸರಿಯಾಯಿತು. ನಮ್ಮಲ್ಲಿ ಮಳೆ ಬಿಡುವ ಹೊತ್ತಿಗೆ ಚೆನ್ನೈಗೆ ಹಿಡಿಯುತ್ತದೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆಗಾಲ.

ದಿನದ ಕ್ರಮ ಹೀಗಿರುತ್ತದೆ. ಬೆಳಿಗ್ಗೆ ಬೈಕ್ ತಪಾಸಣೆ, ಆಮೇಲೆ ಎಲ್ಲರನ್ನೂ ಕೂರಿಸಿ ನಿಯಮ ಹೇಳುತ್ತಾರೆ, ಅನುಭವ ನೋಡಿ ಗುಂಪು ಮಾಡುತ್ತಾರೆ, ಒಂದೊಂದು ಗುಂಪಿಗೆ ಹದಿನೈದಿಪ್ಪತ್ತು ನಿಮಿಷದ ಸೆಷನ್. ಹೊಸಬರ ಗುಂಪಿಗೇ ಹೆಸರು ಕೊಡು, ನಾಚಿಕೆ ಬೇಡ. ಬಾವುಟಗಳನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗು. ಹಳದಿ ಕಂಡರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ಹಳದಿಯಲ್ಲಿ ಕೆಂಪು ಪಟ್ಟೆ ಇದ್ದರೆ ಟ್ರ್ಯಾಕ್ ಜಾರುತ್ತಿದೆ. ಕೆಂಪು ಅಂದರೆ ಸೆಷನ್ ನಿಂತಿತು, ಫಕ್ಕನೆ ಬ್ರೇಕ್ ಹಿಡಿಯದೆ ನಿಧಾನ ಮಾಡಿ, ಬೈಕು ನಿಲ್ಲಿಸುವ ಜಾಗವಾದ ಪಿಟ್‌ಗೆ ಬಾ. ಕಪ್ಪು ನಿನಗೇ ತೋರಿಸಿದರೆ ನೀನು ಒಳಗೆ ಬರಬೇಕು. ನೀಲಿ ಅಂದರೆ ಹಿಂದೆ ಜೋರಾಗಿ ಬರುವವರಿದ್ದಾರೆ. ಆಗ ರಸ್ತೆಯಲ್ಲಿ ಮಾಡುವ ಹಾಗೆ ಪಕ್ಕಕ್ಕೆ ಸರಿದು ದಾರಿ ಬಿಡಲು ಹೋಗಬೇಡ. ನಿನ್ನ ದಾರಿಯಲ್ಲೇ ಹೋಗುತ್ತಿರು, ದಾಟುವ ಜವಾಬ್ದಾರಿ ಹಿಂದಿನವರದ್ದು.

ಮೈಮೇಲಿನ ಸಾಮಾನಿನಲ್ಲಿ ಹಣ ಉಳಿಸಬೇಡ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು. ಒಮ್ಮೆ ಬಿದ್ದ ಹೆಲ್ಮೆಟ್ ಬೇಡ, ಹೊರಗಿಂದ ಚೆನ್ನಾಗೇ ಕಂಡರೂ ಬೇಡ. ಲೆದರ್ ಸೂಟ್, ಬೆನ್ನಿನ ಪ್ರೊಟೆಕ್ಟರ್, ಮಣಿಕಟ್ಟು ಮುಚ್ಚುವ ಗ್ಲೌಸ್, ಪಾದದ ಗಂಟಿನ ಮೇಲೆ ಬರುವ ಬೂಟು. ಸೂಟ್ ಬಾಡಿಗೆಗೆ ಸಿಗುತ್ತದಾ ಅಂತ ನಡೆಸುವವರನ್ನು ಮೊದಲೇ ಕೇಳಿ ಅಳತೆ ಕೊಡು, ಮೊದಲ ಸಲಕ್ಕೇ ಕೊಳ್ಳುವ ಅಗತ್ಯವಿಲ್ಲ. ಸಡಿಲ ಸೂಟ್ ಬೇಡ. ಬಿದ್ದಾಗ ಒಳಗಿನ ಪ್ಯಾಡ್ ಮೊಣಕೈಯಲ್ಲಿ ನಿಲ್ಲದೆ ಪಕ್ಕಕ್ಕೆ ಜರುಗುತ್ತದೆ.

ಬೈಕಿಗೆ ಹೊಸ ಸೈಲೆನ್ಸರ್, ಅದು ಇದು ಏನೂ ಬೇಡ. ಬ್ರೇಕ್ ಪ್ಯಾಡ್, ಚೈನಿನ ಸಡಿಲ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂದಕ್ಕೆ ಬರುವುದು, ಎಲ್ಲೂ ಆಯಿಲ್ ಸೋರದಿರುವುದು, ಇಷ್ಟು ಸರಿ ಇರಲಿ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ ನೋಡು. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ಬದಲಿಸಿಬಿಡು, ಗೀರು ಎಷ್ಟೇ ಉಳಿದಿರಲಿ. ಕನ್ನಡಿ, ನಂಬರ್ ಪ್ಲೇಟ್, ಸೀರೆ ಗಾರ್ಡ್ ಬಿಚ್ಚಿಡು, ದೀಪಗಳಿಗೆ ಟೇಪ್ ಸುತ್ತು. ಬಿದ್ದರೆ ಗಾಜು ಟ್ರ್ಯಾಕ್ ಮೇಲೆ ಚೆಲ್ಲಬಾರದು ಅಂತ ಟೇಪ್. ಕೂಲಂಟ್ ತೆಗೆದು ಬರೀ ನೀರು ಹಾಕಿ ಅಂತ ಕೆಲವರು ಹೇಳುತ್ತಾರೆ, ಕೂಲಂಟ್ ಚೆಲ್ಲಿದರೆ ವಿಪರೀತ ಜಾರುತ್ತದೆ, ಅದಕ್ಕೆ. ಟಯರ್ ಬಿಸಿಯಾದರೆ ಗಾಳಿಯ ಒತ್ತಡ ಏರುತ್ತದೆ, ಹಾಗಾಗಿ ರಸ್ತೆಗಿಂತ ಎರಡು ಮೂರು ಪಾಯಿಂಟ್ ಕಡಿಮೆ ಇಟ್ಟು ಶುರುಮಾಡಿ, ಅಲ್ಲಿನ ಮೆಕ್ಯಾನಿಕ್ ಹೇಳಿದ ಹಾಗೆ ಕೇಳು.

ಓಡಿಸಿಕೊಂಡು ಹೋಗುವುದು ಬೇಡ. ಶಿರಸಿಯಿಂದ ಬೆಂಗಳೂರಿಗೇ 400 ಕಿಲೋಮೀಟರ್, ಅಲ್ಲಿಂದ ಇನ್ನೂ ಸುಮಾರು 300. ಹೋಗುವಾಗ ಹುರುಪಿನಲ್ಲಿ ಹೋಗಿಬಿಡಬಹುದು. ನನ್ನ ಚಿಂತೆ ಬರುವಾಗಿನದ್ದು. ದಿನವಿಡೀ ಟ್ರ್ಯಾಕ್‌ನಲ್ಲಿ ಓಡಿಸಿದ ಮೇಲೆ ಎಂಬತ್ತರ ಸ್ಪೀಡು ನಡೆದ ಹಾಗೆ ಅನ್ನಿಸುತ್ತದೆ, ಮೈ ದಣಿದಿರುತ್ತದೆ, ಆ ಸ್ಥಿತಿಯಲ್ಲಿ ಹೈವೇ ಬೇಡ. ನಾಲ್ಕು ಜನ ಇದ್ದೀರಲ್ಲ, ಒಂದು ಪಿಕಪ್ ಗಾಡಿ ಮಾಡಿ, ಖರ್ಚು ಹಂಚಿಕೊಳ್ಳಿ. ಶಿರಸಿಗೆ ರೈಲಿಲ್ಲ, ಆದರೆ ಹುಬ್ಬಳ್ಳಿಯಿಂದ ಪಾರ್ಸೆಲ್ ಮಾಡಬಹುದು. ಟ್ಯಾಂಕ್ ಖಾಲಿ ಮಾಡಬೇಕು, ಆರ್‌ಸಿ ಪ್ರತಿ ಬೇಕು.

ಊಟದ್ದು ಒಂದು ಮಾತು. ಲೆದರ್ ಸೂಟಿನೊಳಗೆ ಜನವರಿಯಲ್ಲೂ ಬೆವರು ಸುರಿಯುತ್ತದೆ. ಮನೆಯಲ್ಲಿ ಮುರುಗಲು ಇದ್ದರೆ ಉಪ್ಪು ಹಾಕಿ ಪಾನಕ ಮಾಡಿ ಕ್ಯಾನ್ ತುಂಬಿಸಿಕೊಂಡು ಹೋಗಿ, ಒಂದೊಂದು ಸೆಷನ್ ಆದಮೇಲೂ ಕುಡಿಯಿರಿ. ಮಧ್ಯಾಹ್ನ ಮೊಸರನ್ನ ಸಾಕು. ಕೊನೆಯ ಸೆಷನ್‌ಗೆ ದಣಿವು ಅನ್ನಿಸಿದರೆ ಇಳಿಯಬೇಡ. ಹಣ ಕೊಟ್ಟಿದ್ದೇನಲ್ಲ ಅಂತ ಇಳಿದವರೇ ಬೀಳುವುದನ್ನು ನಾನು ಜಾಸ್ತಿ ನೋಡಿದ್ದೇನೆ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಬೈಕ್ ಹೊರಗೇ ನಿಲ್ಲುತ್ತದೆ, ಡಿಸ್ಕ್ ಯಾವಾಗಲೂ ತುಕ್ಕು. ಹೀಗಿದ್ದರೆ ಟ್ರ್ಯಾಕ್ ತಪಾಸಣೆಯಲ್ಲಿ ಬಿಡುತ್ತಾರಾ?

ಉತ್ತರ: ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ, ಅದು ಚಿಂತೆಯಲ್ಲ. ಕಣ್ಣಿಗೆ ಕಾಣದ ಎರಡು ಕಡೆ ನೋಡಿಸಿ. ಮೊದಲನೆಯದು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ನುಗಳು. ಕಡಲ ಗಾಳಿಗೆ ಅವು ಹಿಡಿದುಕೊಳ್ಳುತ್ತವೆ, ಆಗ ಒಂದೇ ಬದಿಯ ಪ್ಯಾಡ್ ಸವೆಯುತ್ತದೆ. ಬಿಚ್ಚಿ, ಒರೆಸಿ, ಅದಕ್ಕೇ ಬರುವ ಗ್ರೀಸ್ ಹಚ್ಚಿಸಿ. ಎರಡನೆಯದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು, ತೇವ ಸೇರಿದ ಮೇಲೆ 155ಕ್ಕೇ ಕುದಿಯಬಹುದು. ಊರಲ್ಲಿ ಓಡಿಸುವಾಗ ಅಷ್ಟು ಬಿಸಿ ಆಗುವುದಿಲ್ಲ, ಗೊತ್ತಾಗುವುದೂ ಇಲ್ಲ. ಟ್ರ್ಯಾಕ್‌ನಲ್ಲಿ ಆಯಿಲ್ ಕುದ್ದು ಗುಳ್ಳೆ ಎದ್ದರೆ ಲಿವರ್ ಹ್ಯಾಂಡಲ್‌ವರೆಗೆ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಕಳೆದ ಆಯಿಲ್ ಇಟ್ಟುಕೊಂಡು ಹೋಗಲೇಬೇಡಿ. ಸೀಲು ಒಡೆಯದ ಹೊಸ ಡಬ್ಬಿ ತಂದು, ನಿಮ್ಮೆದುರೇ ಹಾಕಿಸಿ. ಹಾಗೇ ಚೈನನ್ನು ಕೈಯಲ್ಲಿ ಮಡಚಿ ನೋಡಿ, ಬಿಗಿಯಾದ ಕೊಂಡಿಗಳಿದ್ದರೆ ಬದಲಿಸಿ.

ಪ್ರಶ್ನೆ: ನನ್ನ ತಮ್ಮ ಟ್ರ್ಯಾಕ್ ಡೇಗೆ ಹಣ ಕಟ್ಟಿದ್ದಾನೆ. ಅಮ್ಮನಿಗೆ ಹೇಳಿಲ್ಲ, ನನಗೆ ಮಾತ್ರ ಗೊತ್ತು. ನಿಜ ಹೇಳಿ, ಇದು ಎಷ್ಟು ಅಪಾಯ? ಇನ್ಶೂರೆನ್ಸ್ ಸಿಗುತ್ತದಾ? ಕುಮಟಾದ ಒಬ್ಬ ಅಕ್ಕ.

ಉತ್ತರ: ಅಕ್ಕಾ, ಅಪಾಯ ಇದೆ. 2023ರ ಆಗಸ್ಟ್‌ನಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲೇ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ರೇಸ್ ವೇಳೆ ಬಿದ್ದು ತೀರಿಕೊಂಡ. ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ಆದರೆ ಅದು ರಾಷ್ಟ್ರೀಯ ಮಟ್ಟದ ರೇಸ್. ಟ್ರ್ಯಾಕ್ ಡೇ ರೇಸ್ ಅಲ್ಲ, ಗೆಲ್ಲುವುದು ಸೋಲುವುದು ಇಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ನಾಯಿ, ಲಾರಿ ಅಡ್ಡ ಬರುವುದಿಲ್ಲ. ಈ ಮೂರನ್ನು ತಮ್ಮನಿಂದಲೇ ಫೋನ್ ಮಾಡಿಸಿ ಕೇಳಿಸಿ: ಆಂಬ್ಯುಲೆನ್ಸ್ ಮತ್ತು ಡಾಕ್ಟರ್ ದಿನವಿಡೀ ಅಲ್ಲೇ ಇರುತ್ತಾರಾ, ತಿರುವುಗಳಲ್ಲಿ ಬಾವುಟ ಹಿಡಿಯುವವರು ಇರುತ್ತಾರಾ, ಹೊಸಬರಿಗೆ ಬೇರೆ ಗುಂಪು ಇದೆಯಾ. ಇವುಗಳಲ್ಲಿ ಒಂದಕ್ಕೆ ಸರಿ ಉತ್ತರ ಬರದಿದ್ದರೂ ಕಟ್ಟಿದ ಹಣ ಹೋದರೂ ಹೋಗಲಿ, ಕಳಿಸಬೇಡಿ.

ಬೈಕಿನ ಇನ್ಶೂರೆನ್ಸ್ ನಂಬಬೇಡಿ. ರೇಸಿಂಗ್‌ಗೆ, ವೇಗದ ಪರೀಕ್ಷೆಗೆ ಬಳಸಿದರೆ ಅನ್ವಯಿಸುವುದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿರುತ್ತದೆ. ಬೈಕ್ ಬಿದ್ದರೆ ರಿಪೇರಿ ಕೈಯಿಂದಲೇ ಅಂದುಕೊಂಡು ಹೊರಡಬೇಕು. ಆರೋಗ್ಯ ವಿಮೆ ಇದ್ದರೆ ಅದರಲ್ಲಿ ಸಾಹಸ ಕ್ರೀಡೆಯ ಬಗ್ಗೆ ಏನಿದೆ ಅಂತ ಕೂತು ಓದಿ, ಗೊತ್ತಾಗದಿದ್ದರೆ ಕಂಪನಿಯಿಂದ ಬರವಣಿಗೆಯಲ್ಲೇ ಉತ್ತರ ತರಿಸಿ.

ಅಮ್ಮನಿಗೆ ಹೇಳಲೇಬೇಕು. ಅಲ್ಲಿ ಸಹಿ ಮಾಡಿಸಿಕೊಳ್ಳುವ ಫಾರ್ಮಿನಲ್ಲಿ ರಕ್ತದ ಗುಂಪಿನ ಜೊತೆ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಕೇಳುತ್ತಾರೆ. ಆ ಫೋನ್ ಎತ್ತುವವರಿಗೆ ಅವನು ಎಲ್ಲಿದ್ದಾನೆ ಅಂತ ಮೊದಲೇ ಗೊತ್ತಿರಬೇಕು. ನಿಮಗೆ ರಜೆ ಸಿಕ್ಕರೆ ನೀವೂ ಜೊತೆಗೆ ಹೋಗಿ. ಪಿಟ್‌ನಲ್ಲಿ ನೀರು ಕೊಡಲು, ಸಾಕು ಇನ್ನು ಇಳಿಯಬೇಡ ಅನ್ನಲು ಮನೆಯವರೊಬ್ಬರು ಇದ್ದರೆ ಹುಡುಗರು ಕೇಳುತ್ತಾರೆ.